ಗುಡ್ಡದ ಕಾಡು, ಕೆರೆಯ ಮೀನು: ಮಿತಿಯ ಲೆಕ್ಕ ಯಾರು ಹಾಕಬೇಕು?

(ಚಿತ್ರದುರ್ಗದಲ್ಲಿ ಗ್ರಾಮ ಅರಣ್ಯ ಸಮಿತಿಗಳ ಸದಸ್ಯರು, ಮೀನುಗಾರರ ಸಹಕಾರ ಸಂಘಗಳವರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಕಾಡು ಕಾಯುವವರೂ ಮೀನು ಹಿಡಿಯುವವರೂ ಒಟ್ಟಿಗೆ ಕೂತಿದ್ದೀರಿ. ಇದು ನನಗೆ ತುಂಬಾ ಖುಷಿಯ ವಿಷಯ. ಯಾಕೆಂದರೆ ಸಾಮಾನ್ಯವಾಗಿ ಹೀಗೆ ಆಗುವುದಿಲ್ಲ. ಅರಣ್ಯಕ್ಕೆ ಒಂದು ಇಲಾಖೆ, ಮೀನಿಗೆ ಇನ್ನೊಂದು, ಕೆರೆಯ ಏರಿ ಮತ್ತು ತೂಬಿಗೆ ಮತ್ತೊಂದು. ಆದರೆ ಮಳೆ ಬೀಳುವುದು ಮಾತ್ರ ಒಂದೇ ಸಲ. ಗುಡ್ಡದ ಮೇಲೆ ಬಿದ್ದ ನೀರು ಹಳ್ಳಕ್ಕೆ ಇಳಿದು, ಕೆರೆಗೆ ಬಂದು, ತೂಬಿನಿಂದ ಗದ್ದೆಗೆ ಹೋಗುತ್ತದೆ. ಮಿಕ್ಕದ್ದು ಕೋಡಿ ಹರಿದು ಮುಂದಿನ ಕೆರೆ ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ಅದರ ಪೆಟ್ಟು ಕೆಳಗಿನವರಿಗೆ ಬೀಳುತ್ತದೆ.

ಮೊದಲು ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಮಳೆ ಕಡಿಮೆ. ಚಳ್ಳಕೆರೆ ಕಡೆಯಂತೂ ವರ್ಷವಿಡೀ ಸೇರಿ 500 ಮಿಲಿಮೀಟರ್ ಆಸುಪಾಸು ಬಂದರೆ ಅದೇ ಒಳ್ಳೆಯ ವರ್ಷ. ಅದೂ ಜಿನುಗಿ ಬರುವುದಿಲ್ಲ. ನಾಲ್ಕಾರು ಜೋರು ಮಳೆಯಲ್ಲಿ ಸುರಿದು ಹೋಗುತ್ತದೆ. ಅಂಥ ಮಳೆ ಬೋಳು ಗುಡ್ಡದ ಮೇಲೆ ಬಿದ್ದರೆ ಮಣ್ಣನ್ನೂ ಕಿತ್ತುಕೊಂಡು ಓಡುತ್ತದೆ. ಕೆರೆಯ ನಿಂತ ನೀರಿಗೆ ಬಂದಾಗ ಓಟ ನಿಲ್ಲುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ. ಅದೇ ಹೂಳು.

ಹೂಳು ಅಂದರೆ ನಾವೆಲ್ಲ ರೈತನ ಕಷ್ಟ ಅಂತಲೇ ಮಾತಾಡುತ್ತೇವೆ. ಕೆರೆಯಲ್ಲಿ ನೀರು ಕಡಿಮೆ ನಿಲ್ಲುತ್ತದೆ, ಅಚ್ಚುಕಟ್ಟಿಗೆ ನೀರು ಸಾಲುವುದಿಲ್ಲ ಅಂತ. ನಿಜ. ಆದರೆ ಮೀನಿನ ಕಡೆಯಿಂದ ನೋಡಿ. ಪ್ರತಿ ಕೆರೆಯಲ್ಲೂ ತೂಬಿನ ಮಟ್ಟಕ್ಕಿಂತ ಕೆಳಗೆ ಸ್ವಲ್ಪ ನೀರು ಉಳಿಯುವ ಗುಂಡಿ ಇರುತ್ತದೆ. ಎಂಜಿನಿಯರುಗಳು ಅದನ್ನು ಡೆಡ್ ಸ್ಟೋರೇಜ್ ಅಂತಾರೆ. ಗದ್ದೆಗೆ ಅದರಿಂದ ಉಪಯೋಗವಿಲ್ಲ, ತೂಬಿನಲ್ಲಿ ಹರಿಯುವುದಿಲ್ಲ. ಮೀನಿಗೆ ಮಾತ್ರ ಏಪ್ರಿಲ್, ಮೇ ತಿಂಗಳಲ್ಲಿ ಉಳಿಯುವ ಜಾಗ ಅದೊಂದೇ. ಅಲ್ಲಿ ಉಳಿದ ಮೀನೇ ಜೂನ್ ಮಳೆಗೆ ಮೊಟ್ಟೆ ಇಡಬೇಕು. ಹೂಳು ತುಂಬುವುದು ಜಾಸ್ತಿ ಈ ಆಳದ ಜಾಗದಲ್ಲೇ. ಗುಡ್ಡದ ಮೇಲೆ ಕಾಡು ಹೋದರೆ ಕೆಲವೇ ವರ್ಷಗಳಲ್ಲಿ ಕೆಳಗೆ ಮೀನಿನ ಬೇಸಿಗೆ ಮನೆ ಮುಚ್ಚಿ ಹೋಗುತ್ತದೆ.

ಚನ್ನಗಿರಿ ತಾಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ನಿಮಗೆಲ್ಲ ಗೊತ್ತು. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡ ಕಟ್ಟಿದ ಏರಿ. ಶತಮಾನಗಳಿಂದ ನಿಂತಿದೆ. ಕೆರೆಯಿಂದ ಹೊರಟ ಹರಿದ್ರಾ ಮುಂದೆ ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ಸಾವಿರಾರು ಎಕರೆ ಹರಡಿದ ಆ ನೀರು ಗದ್ದೆ, ತೋಟಕ್ಕಷ್ಟೇ ಅಲ್ಲ, ಚಿತ್ರದುರ್ಗದಂಥ ಊರುಗಳಿಗೆ ಕುಡಿಯುವ ನೀರಾಗಿಯೂ ಬರುತ್ತದೆ. ಬೆಸ್ತರ ಎಷ್ಟೋ ಮನೆಗಳಿಗೆ ಅದೇ ಅನ್ನ. ಅಲ್ಲಿ ಹೂಳು, ಒತ್ತುವರಿ ಅಂತ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ಆ ಕೂಗು ಏರಿಯ ಮೇಲೆ ನಿಂತು ಕೆರೆ ಕಡೆ ನೋಡಿದಷ್ಟೇ, ತಿರುಗಿ ಸುತ್ತಲ ಗುಡ್ಡಗಳ ಕಡೆಯೂ ನೋಡಬೇಕು ಅಂತ ನನ್ನ ಅಭಿಪ್ರಾಯ.

ವಾಣಿವಿಲಾಸ ಸಾಗರಕ್ಕೂ, ಅಂದರೆ ಮಾರಿಕಣಿವೆಗೂ, ಇದೇ ಮಾತು. ವೇದಾವತಿ ಹೊಳೆಗೆ ಅಡ್ಡ, 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಕಟ್ಟೆ. 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 2022ರಲ್ಲೇ. ಆ ವರ್ಷ ಹಿರಿಯೂರಿಗೆ ಜಾತ್ರೆಯಂತೆ ಜನ ಹೋದರು. ಆದರೆ ವೇದಾವತಿ ಹುಟ್ಟುವುದು ನಮ್ಮ ಜಿಲ್ಲೆಯಲ್ಲಿ ಅಲ್ಲ, ಬಾಬಾಬುಡನ್‌ಗಿರಿ ಕಡೆಯ ಬೆಟ್ಟಗಳಲ್ಲಿ. ಕಡೂರಿನ ಹತ್ತಿರ ವೇದಾ, ಅವತಿ ಸೇರಿ ಅದು ವೇದಾವತಿಯಾಗುತ್ತದೆ. ಮಾರಿಕಣಿವೆಯಲ್ಲಿ ಬಲೆ ಬೀಸುವವನ ಪಾಡು ಚಿಕ್ಕಮಗಳೂರಿನ ಕಾಡಿನ ಮೇಲೂ ನಿಂತಿದೆ.

ಇನ್ನು ನಮ್ಮ ಕಾಡಿನ ಬಗ್ಗೆ. ನಮ್ಮದು ಮಲೆನಾಡಿನಂತೆ ಎತ್ತರದ ಕಾಡು ಅಲ್ಲ. ಕಮರ, ದಿಂಡಿಗ, ಕಗ್ಗಲಿ, ಬಂದರಿಕೆ, ತಂಗಡಿ, ನಡುವೆ ಹುಲ್ಲು, ಬಂಡೆ. ಕುರುಚಲು ಕಾಡು ಅಂತ ಎಷ್ಟು ಸಸಾರವಾಗಿ ಹೇಳಿಬಿಡುತ್ತೇವೆ ಅಲ್ವಾ? ಆ ಸಸಾರವೇ ಅದಕ್ಕೆ ಮುಳುವಾಯಿತು. ಯಾವುದೇ ಯೋಜನೆಗೆ ಜಾಗ ಬೇಕೆಂದರೆ ಮೊದಲು ಕಣ್ಣು ಬೀಳುವುದು ಇಂಥ ಕಾಡಿನ ಮೇಲೆ, ಕಾವಲುಗಳ, ಅಂದರೆ ಹುಲ್ಲುಗಾವಲುಗಳ ಮೇಲೆ. ನಮ್ಮ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ಬಂದವು. ಗಾಳಿಯಿಂದ ಕರೆಂಟು ಬರಬೇಕು, ನನಗೆ ತಕರಾರಿಲ್ಲ. ಆದರೆ ಗುಡ್ಡದ ನೆತ್ತಿಯವರೆಗೆ ಕಡಿದ ಆ ರಸ್ತೆಗಳ ಬದಿಯಲ್ಲಿ ಮಳೆಗಾಲದಲ್ಲಿ ನಿಂತು ನೋಡಿ. ಮಣ್ಣು ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ.

ಇದೇ ಕುರುಚಲು ಕಾಡಿನಲ್ಲಿ ಕೊಂಡುಕುರಿ ಇದೆ. ನಾಲ್ಕು ಕೊಂಬಿನ ಪ್ರಾಣಿ, ಇಂಡಿಯಾ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ಜಗಳೂರು ತಾಲೂಕಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಅದಕ್ಕಾಗಿಯೇ ವನ್ಯಧಾಮ ಮಾಡಿದರು. ಸುಮಾರು 77 ಚದರ ಕಿಲೋಮೀಟರ್. ಬರದ ತಾಲೂಕು ಅಂತ ಹೆಸರಾದ ಜಗಳೂರು ಇಂಥದ್ದೊಂದನ್ನು ಉಳಿಸಿಕೊಂಡಿದೆ. ಅಲ್ಲಿಯ ಮಕ್ಕಳಿಗೆ ಇದನ್ನು ಹೆಮ್ಮೆಯಿಂದ ಹೇಳಿಕೊಡಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಾಡಿನಿಂದಲೂ ಕೆರೆಯಿಂದಲೂ ನಾವು ತೆಗೆಯಲೇಬೇಕು. ಸೌದೆ, ಮೇವು, ಸೀತಾಫಲ, ಹುಣಸೆ, ಹೊಂಗೆ ಬೀಜ, ಮೀನು. ತೆಗೆಯಬೇಡಿ ಅಂತ ಹೇಳುವುದು ಸುಲಭ, ಆದರೆ ಅದು ಹೊಟ್ಟೆ ತುಂಬಿದವರ ಮಾತು. ತೆಗೆದರೂ ಮುಂದಿನ ವರ್ಷ ಅಷ್ಟೇ ಸಿಗಬೇಕು. ಅದು ಹೇಗೆ ಅನ್ನುವುದೇ ಪ್ರಶ್ನೆ. ರೈತರ ಮನೆಯಲ್ಲಿ ಎಂಥ ಬರ ಬಂದರೂ ಬಿತ್ತನೆ ಕಾಳಿಗೆ ಕೈ ಹಾಕುವುದಿಲ್ಲ. ಕಾಡಿನಲ್ಲಿ, ಕೆರೆಯಲ್ಲಿ ಬಿತ್ತನೆ ಕಾಳು ಯಾವುದು ಅಂತ ಗುರುತಿಸುವುದು ಮೊದಲ ಕೆಲಸ.

ಈ ಲೆಕ್ಕ ಹೊಸದೇನಲ್ಲ. ಜರ್ಮನಿಯ ಸ್ಯಾಕ್ಸನಿಯಲ್ಲಿ ಬೆಳ್ಳಿ ಗಣಿಗಳಿದ್ದವು. ಅದಿರು ಕರಗಿಸಲು ಕಟ್ಟಿಗೆ ಬೇಕು. ಸುತ್ತಲ ಕಾಡು ಬರಿದಾಗುತ್ತಾ ಬಂತು. ಗಣಿ ಆಡಳಿತದಲ್ಲಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಎಂಬಾತ 1713ರಲ್ಲೇ ಬರೆದ: ಬೆಳೆಯುವಷ್ಟನ್ನೇ ಕಡಿಯಬೇಕು, ಕಡಿದಷ್ಟನ್ನು ಬೆಳೆಸಬೇಕು ಅಂತ.

ಮೀನಿನಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ, ಯಾಕೆಂದರೆ ನೀರಿನೊಳಗೆ ಎಷ್ಟಿದೆ ಅಂತ ಕಾಣುವುದಿಲ್ಲ. ನಮ್ಮ ಕೆರೆಗಳಲ್ಲಿ ಎರಡು ತರಹದ ಮೀನುಗಳಿವೆ. ಇದನ್ನು ಬೇರೆ ಮಾಡಿ ನೋಡದೇ ಇದ್ದರೆ ಎಲ್ಲಾ ಲೆಕ್ಕವೂ ತಪ್ಪುತ್ತದೆ.

ಒಂದು, ನಾವು ತಂದು ಬಿಡುವ ಮೀನು. ಕಾಟ್ಲಾ, ರೋಹು, ಮೃಗಾಲ್. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಹಾಗಾಗಿ ಮೂರನ್ನೂ ಒಟ್ಟಿಗೆ ಬಿಟ್ಟರೆ ಒಂದರ ಊಟಕ್ಕೆ ಇನ್ನೊಂದು ಬರುವುದಿಲ್ಲ. ಇವು ಹೊಳೆಯ ಮೀನುಗಳು. ಹರಿಯುವ ನೀರು ಬೇಕು, ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಒಂದು ಕಾಲದಲ್ಲಿ ಇವುಗಳ ಮರಿ ಬೇಕೆಂದರೆ ಹೊಳೆಯಿಂದಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಕೊಳದಲ್ಲೇ ಮೊಟ್ಟೆ ಇಡಿಸಿದರು. ಇವತ್ತು ನೀವು ಮೀನುಮರಿ ಕೇಂದ್ರದಿಂದ ಕ್ಯಾನಿನಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಮರಿ ತರುತ್ತೀರಲ್ಲ, ಅದರ ಹಿಂದೆ ಅವರ ಆ ಕೆಲಸ ಇದೆ. ಜುಲೈ 10ನ್ನು ಮೀನು ಕೃಷಿಕರ ದಿನವಾಗಿ ಆಚರಿಸುವುದು ಅದಕ್ಕೇ. ಈ ಮೀನುಗಳನ್ನು ಬಿಟ್ಟು, ಬೆಳೆಸಿ, ಪೂರ್ತಿ ಹಿಡಿದರೂ ಕೆರೆಗೆ ನಷ್ಟವಿಲ್ಲ. ಮುಂದಿನ ವರ್ಷ ಮತ್ತೆ ಮರಿ ಬಿಡಬೇಕು, ಅಷ್ಟೇ. ಇಲ್ಲಿ ಕಷ್ಟ ಬೇರೆ. ತೀರಾ ಸಣ್ಣ ಮರಿ ಬಿಟ್ಟರೆ ಬೇರೆ ಮೀನುಗಳಿಗೆ ತುತ್ತಾಗುತ್ತದೆ. ಬೆರಳುದ್ದ ಬೆಳೆದ ಮರಿ ಬಿಟ್ಟರೆ ಬದುಕುವುದು ಜಾಸ್ತಿ. ದುಡ್ಡು ಸ್ವಲ್ಪ ಹೆಚ್ಚಾಗುತ್ತದೆ, ಆದರೆ ಲಾಭ ಅದರಲ್ಲೇ ಇದೆ.

ಎರಡನೆಯದು, ಕೆರೆಯಲ್ಲೇ ಹುಟ್ಟಿ ಕೆರೆಯಲ್ಲೇ ಮರಿ ಮಾಡುವ ನಾಟಿ ಮೀನು. ಕುಚ್ಚು, ಅಂದರೆ ಮುರೆಲ್. ಮುರುಗೋಡು. ಚೇಳು ಮೀನು. ಸಣ್ಣ ಸಣ್ಣ ಪಕ್ಕೆ ಮೀನುಗಳು. ಇವುಗಳನ್ನು ಯಾರೂ ತಂದು ಬಿಡುವುದಿಲ್ಲ. ಬಡವರ ಮನೆಯ ಸಾರಿಗೆ ಬರುವುದು ಹೆಚ್ಚಾಗಿ ಇವೇ. ಗುತ್ತಿಗೆಯ ಲೆಕ್ಕದಲ್ಲಿ ಇವು ಬರುವುದಿಲ್ಲ, ಹಾಗಾಗಿ ಇವು ಕಡಿಮೆಯಾದದ್ದೂ ಲೆಕ್ಕಕ್ಕೆ ಬರುವುದಿಲ್ಲ.

ಕುಚ್ಚು ಮೀನಿನದ್ದು ನೋಡಿ. ಗಂಡು ಹೆಣ್ಣು ಸೇರಿ ಜೊಂಡಿನ ನಡುವೆ ಗೂಡಿನ ಹಾಗೆ ಮಾಡಿ ಮೊಟ್ಟೆ ಇಡುತ್ತವೆ. ಮರಿಯಾದ ಮೇಲೂ ಬಿಟ್ಟು ಹೋಗುವುದಿಲ್ಲ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಉಂಡೆಯಾಗಿ ಓಡಾಡುತ್ತಿದ್ದರೆ ಅದರ ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಇದು ಬಲ್ಲವರಿಗೆ ಗೊತ್ತು. ಹಾಗಾಗಿಯೇ ಆಗ ಹೊಡೆಯುವುದು ಬಹಳ ಸುಲಭ. ಆ ಒಂದು ಮೀನು ಹೋಯಿತೆಂದರೆ ಮರಿಗಳೂ ಉಳಿಯುವುದಿಲ್ಲ. ಮೊದಲ ಮಳೆಗೆ ಕೋಡಿಯಲ್ಲಿ, ಹಳ್ಳದಲ್ಲಿ ಎದುರು ಹತ್ತಿ ಬರುವ ಮೀನೂ ಹೀಗೆಯೇ. ಮಲೆನಾಡಿನ ಕಡೆ ಹತ್ತುಮೀನು ಅಂತಾರೆ. ಅದು ಮೊಟ್ಟೆ ತುಂಬಿಕೊಂಡು ಬರುವ ಮೀನು. ಕೋಡಿ ಬಿದ್ದ ಸಂಭ್ರಮದಲ್ಲಿ ಊರಿಗೆ ಊರೇ ಸೊಳ್ಳೆ ಪರದೆ, ಸೀರೆ, ಬುಟ್ಟಿ ಹಿಡಿದು ನಿಲ್ಲುತ್ತದೆ. ಆ ಸಂಭ್ರಮ ನನಗೂ ಅರ್ಥವಾಗುತ್ತದೆ. ಆದರೆ ನಾವು ಬಿತ್ತನೆಗೆ ಕೈ ಹಾಕುವುದು ಅಲ್ಲೇ. ಮಳೆಗಾಲದ ಮೊದಲ ಕೆಲವು ವಾರ ಕೋಡಿ ಮತ್ತು ಕೆರೆಗೆ ನೀರು ಬರುವ ಹಳ್ಳ, ಈ ಎರಡು ಜಾಗದಲ್ಲಿ ಬಲೆ ಬೇಡ ಅಂತ ಊರೇ ನಿಶ್ಚಯ ಮಾಡಿದರೆ ಸಾಕು, ಮುಕ್ಕಾಲು ಕೆಲಸ ಆದಂತೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಷ್ಟು ದೊಡ್ಡ ಕಡಲಿಗೆ ವಿರಾಮ ಬೇಕೆಂದ ಮೇಲೆ ನಮ್ಮ ಕೆರೆಗೆ ಬೇಡವೇ?

ಬಲೆಯ ಕಣ್ಣಿನ ವಿಚಾರವೂ ಅಷ್ಟೇ. ಕಣ್ಣು ದೊಡ್ಡದಿದ್ದರೆ ಮರಿ ಪಾರಾಗುತ್ತದೆ. ಸಿಡಿಮದ್ದು ಹಾಕುವುದು, ನೀರಿಗೆ ವಿಷ ಬೆರೆಸುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಒಳನಾಡು ಮೀನುಗಾರಿಕೆಗೆ ನಮ್ಮ ರಾಜ್ಯದ್ದೇ 1996ರ ಕಾಯ್ದೆ ಇದೆ. ಕಾನೂನಿಗೆ ಕೊರತೆ ಇಲ್ಲ. ಹಾಗಿದ್ದರೂ ಯಾಕೆ ನಡೆಯುವುದಿಲ್ಲ?

ನನ್ನ ಉತ್ತರ ಇದು. ಮಿತಿಯನ್ನು ಹಾಕುವವರು ಒಬ್ಬರು, ಅದನ್ನು ಮೀರಿದಾಗ ಅನುಭವಿಸುವವರು ಇನ್ನೊಬ್ಬರು ಆಗಿರುವುದರಿಂದ. ಕೆರೆಯ ಮೀನು ಹಕ್ಕು ಐದು ವರ್ಷದ ಗುತ್ತಿಗೆಗೆ ಹೋಗುತ್ತದೆ. ಊರ ಸಂಘಕ್ಕೆ ಸಿಕ್ಕಿದರೆ ಒಂದು ಮಾತು. ಸಂಘದ ಹೆಸರು ಮುಂದಿಟ್ಟು ಹೊರಗಿನ ದುಡ್ಡಿನವರು ಹಿಡಿದರೆ ಇನ್ನೊಂದು ಮಾತು. ಐದನೇ ವರ್ಷ ಅವರ ಮನಸ್ಸಿನಲ್ಲಿ ಇರುವುದು ಒಂದೇ: ಇದ್ದದ್ದನ್ನೆಲ್ಲ ಬಳಿದುಕೊಂಡು ಹೊರಡಬೇಕು. ಅವರನ್ನು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆರನೇ ವರ್ಷ ಆ ಏರಿಯ ಮೇಲೆ ಅವರು ಇರುವುದಿಲ್ಲ, ಅಷ್ಟೇ. ಬೆಸ್ತರ ಮನೆಯವರು ಇರುತ್ತಾರೆ.

ಮೇಲಿನಿಂದ, ದೂರದಿಂದ ಹಾಕಿದ ಲೆಕ್ಕ ಎಷ್ಟು ದೊಡ್ಡದಾಗಿ ತಪ್ಪಬಹುದು ಅನ್ನುವುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ನೋಡಿ. ಅಲ್ಲಿ ಕಾಡ್ ಎಂಬ ಮೀನು. ಸುಮಾರು ಐದು ನೂರು ವರ್ಷ ಜನ ಹಿಡಿದರು, ಮುಗಿಯಲಿಲ್ಲ. ಆಮೇಲೆ ದೊಡ್ಡ ಟ್ರಾಲರ್ ಹಡಗುಗಳು ಬಂದವು. 1968ರ ಒಂದೇ ವರ್ಷ ಸುಮಾರು 8 ಲಕ್ಷ ಟನ್ ಎತ್ತಿದರು. 1980ರ ದಶಕದಲ್ಲಿ ದಡದ ಹತ್ತಿರ ಸಣ್ಣ ದೋಣಿಯಲ್ಲಿ ಹಿಡಿಯುವವರು ಕೂಗಿ ಹೇಳಿದರು: ಮೀನು ಕಡಿಮೆಯಾಗುತ್ತಿದೆ, ಸಿಕ್ಕಿದ್ದೂ ಸಣ್ಣದಾಗುತ್ತಿದೆ ಅಂತ. ಸರ್ಕಾರದ ಲೆಕ್ಕದ ಪ್ರಕಾರ ಮೀನು ಬೇಕಾದಷ್ಟಿತ್ತು. ಆ ಲೆಕ್ಕಕ್ಕೆ ದೊಡ್ಡ ಹಡಗುಗಳ ಅಂಕಿಗಳೂ ಸೇರಿದ್ದವು. ದೊಡ್ಡ ಹಡಗು ಮೀನು ಗುಂಪಾಗಿರುವ ಕಡೆಗೇ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಕೊನೆಯವರೆಗೂ ಅದಕ್ಕೆ ಬಲೆ ತುಂಬಾ ಮೀನು ಸಿಗುತ್ತಲೇ ಇರುತ್ತದೆ. 1992ರ ಜುಲೈನಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆ ಅಂತ ಹಾಕಿದ ನಿಷೇಧ ತೆಗೆದದ್ದು 2024ರಲ್ಲಿ. ಅದೂ ಆ ವರ್ಷಕ್ಕೆ 18,000 ಟನ್ ಮಿತಿಯಲ್ಲಿ. ಸಣ್ಣ ದೋಣಿಯವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಂತ ನಾನು ನಂಬುತ್ತೇನೆ.

ಇನ್ನೊಂದು ಕಡೆ ಟರ್ಕಿಯ ಅಲಾನ್ಯಾ. ಕಡಲ ತೀರದ ಊರು, ನೂರರ ಆಸುಪಾಸು ಮೀನುಗಾರರು. 1970ರ ದಶಕದ ಹೊತ್ತಿಗೆ ಒಳ್ಳೆಯ ಜಾಗಕ್ಕಾಗಿ ಹೊಡೆದಾಟಗಳೇ ಆಗುತ್ತಿದ್ದವು. ಅವರೇ ಕೂತು ಒಂದು ದಾರಿ ಮಾಡಿಕೊಂಡರು. ಮೀನು ಸಿಗುವ ಜಾಗಗಳಿಗೆಲ್ಲ ಹೆಸರಿಟ್ಟು ಪಟ್ಟಿ ಮಾಡಿದರು. ಒಬ್ಬರ ಬಲೆ ಇನ್ನೊಬ್ಬರ ಬಲೆಗೆ ಅಡ್ಡ ಬರದಷ್ಟು ದೂರ ಇಟ್ಟರು. ಪ್ರತಿ ಸೆಪ್ಟೆಂಬರ್‌ನಲ್ಲಿ ಚೀಟಿ ಎತ್ತುತ್ತಾರೆ. ಸಿಕ್ಕಿದ ಜಾಗದಿಂದ ದಿನಕ್ಕೊಂದು ಜಾಗ ಪೂರ್ವಕ್ಕೆ ಸರಿಯುತ್ತಾ ಹೋಗುತ್ತಾರೆ, ಜನವರಿಯ ನಂತರ ಪಶ್ಚಿಮಕ್ಕೆ. ಎಲ್ಲರಿಗೂ ಎಲ್ಲಾ ಜಾಗವೂ ಬರುತ್ತದೆ. ನಿಯಮ ಮುರಿದರೆ ಹಿಡಿಯಲು ಪೊಲೀಸು ಬೇಕಾಗಿಲ್ಲ. ಅವತ್ತು ಆ ಜಾಗ ಯಾರದೋ ಅವರೇ ಬಂದು ಕೇಳುತ್ತಾರೆ!

ಈ ಅಲಾನ್ಯಾದ ಕಥೆಯನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ಮುಖ್ಯರು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಒಂದು ವಾದ ಮಂಡಿಸಿದ್ದ. ಊರೊಟ್ಟಿನ ಗೋಮಾಳ ಅಂದಮೇಲೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಕೊನೆಗೆ ಹುಲ್ಲೇ ಇರುವುದಿಲ್ಲ ಅಂತ. ಆಸ್ಟ್ರಮ್ ನಿಜವಾದ ಊರುಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರ ಕಟ್ಟಳೆಯೊಂದಿದೆ. ಚಳಿಗಾಲದಲ್ಲಿ ನಿನ್ನ ಮನೆಯ ಮೇವಿನಿಂದ ಎಷ್ಟು ಹಸು ಸಾಕುತ್ತೀಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಗುಡ್ಡಕ್ಕೆ ಬಿಡಬೇಕು. ಎಷ್ಟು ಸರಳ ನೋಡಿ. ಎಣಿಸುವುದೂ ಸುಲಭ. ಜನ ಸೇರಿ ಮಾಡಿಕೊಂಡ ಇಂಥ ಕಟ್ಟಳೆಗಳು ನೂರಾರು ವರ್ಷ ಬಾಳಿವೆ ಅಂತ ತೋರಿಸಿದ್ದಕ್ಕೆ 2009ರಲ್ಲಿ ಆಸ್ಟ್ರಮ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಇಂಥದ್ದಕ್ಕೆ ನಾವು ಸ್ವಿಟ್ಜರ್ಲೆಂಡಿಗೇ ಹೋಗಬೇಕಾಗಿಲ್ಲ. ನಮ್ಮ ಅಮೃತಮಹಲ್ ಕಾವಲುಗಳಿದ್ದವಲ್ಲ. ಅಮೃತಮಹಲ್ ತಳಿಯ ದನ ಮೇಯಿಸಲು ಮೈಸೂರು ಅರಸರ ಕಾಲದಲ್ಲಿ ಇದ್ದ ವ್ಯವಸ್ಥೆ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ದನ ಸುತ್ತುತ್ತಿತ್ತು, ಹುಲ್ಲಿಗೆ ಚಿಗುರಲು ಬಿಡುವು ಸಿಗುತ್ತಿತ್ತು. ಹಳೇ ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿ ಕಾವಲು ಇತ್ತು. ಹೆಚ್ಚಿನ ಪಾಲು ಕರಗಿತು. ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದದ್ದು ನಿಮ್ಮ ಕಣ್ಣೆದುರಿನ ವಿಷಯ. ದೇವರ ಎತ್ತು ಕಾಯುವ ಕಿಲಾರಿಗಳಿಗೆ, ಕುರಿಗಾಹಿಗಳಿಗೆ ಬೇಲಿ ಎದ್ದಮೇಲೆ ವಿಷಯ ತಿಳಿಯಿತು. ದೇಶಕ್ಕೆ ವಿಜ್ಞಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಲ್ಲಿನ ಮೇಲೆ ಬದುಕಿದವರನ್ನು ಮೊದಲು ಕೂರಿಸಿ ಕೇಳಬೇಕಿತ್ತು.

ಕೇಳದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರ ಕನ್ನಡದ ಬಿದಿರಿನ ಕಥೆ ಹೇಳಬೇಕು. 1970ರ ದಶಕದಲ್ಲಿ ಕಾಗದದ ಕಾರ್ಖಾನೆಗೆ ಹೋಗುತ್ತಿದ್ದ ಬಿದಿರು ಕಡಿಮೆಯಾಗುತ್ತಾ ಬಂತು. ಹಳ್ಳಿಯವರು ಕಡಿಯುತ್ತಾರೆ, ದನ ಮೇಯಿಸುತ್ತಾರೆ, ಅದಕ್ಕೇ ಬಿದಿರು ಹಾಳಾಯಿತು ಅಂತ ಹೇಳುತ್ತಿದ್ದರು. ಮಾಧವ ಗಾಡ್ಗೀಳ್ ಮತ್ತು ಜೊತೆಯವರು ಅಧ್ಯಯನ ಮಾಡಿದರು. ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಅದನ್ನು ಕಿತ್ತರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಅಂತ ಕಡಿಯುವವರು ಮುಳ್ಳು ತೆಗೆಸುತ್ತಿದ್ದರು. ಊರಿನವರು ಹೇಳಿದ್ದು ಬೇರೆ: ಮುಳ್ಳು ಇದ್ದರೆ ಎಳೆ ಕಳಲೆ ಉಳಿಯುತ್ತದೆ, ತೆಗೆದರೆ ಮುಸಿಯ, ಮುಳ್ಳುಹಂದಿ, ದನ ಎಲ್ಲವೂ ಬಂದು ತಿನ್ನುತ್ತವೆ. ಅಳೆದು ನೋಡಿದಾಗ ಊರಿನವರ ಮಾತೇ ಸರಿ ಇತ್ತು. ಗಾಡ್ಗೀಳರು ಅಷ್ಟು ದೊಡ್ಡ ವಿಜ್ಞಾನಿಯಾಗಿ ಹಳ್ಳಿಯವರ ಮಾತನ್ನು ತಳ್ಳಿಹಾಕದೆ ಪರೀಕ್ಷೆ ಮಾಡಿದರಲ್ಲ, ಅದು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ.

ನಮ್ಮ ಹರಿಹರದ ವಿಷಯವನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಆಗ ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ದಾವಣಗೆರೆ ಬೇರೆಯಾದದ್ದು 1997ರಲ್ಲಿ. ಅಲ್ಲಿಯ ಪಾಲಿಫೈಬರ್ ಕಾರ್ಖಾನೆಗೆ ತಿರುಳು ತೆಗೆಯಲು ಮರ ಬೇಕು. 1984ರಲ್ಲಿ ಸರ್ಕಾರದ ಪಾಲೂ ಇದ್ದ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿತು. ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಊರೊಟ್ಟಿನ ಭೂಮಿಯನ್ನು ಅದಕ್ಕೆ ಕೊಡುವುದೆಂದಾಯಿತು. ಜನ ಮೇವು, ಸೌದೆಗೆ ನೆಚ್ಚಿಕೊಂಡ ಭೂಮಿ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಚಳವಳಿ ಅಂತಲೇ ಹೆಸರಾಯಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮುಂದೆ ನಿಂತಿತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು. ಅದೇ ಕಾರ್ಖಾನೆಯ ಕೊಳೆ ನೀರು ತುಂಗಭದ್ರೆಗೆ ಸೇರಿ ಮೀನು ಸಾಯುತ್ತಿದೆ ಅಂತ ಅದೇ ಜನ ಅದೇ ಕಾಲದಲ್ಲಿ ಹೋರಾಡುತ್ತಿದ್ದರು. ಕಾಡು ಬೇರೆ, ಮೀನು ಬೇರೆ ಅಂತ ಅವರು ನೋಡಲಿಲ್ಲ.

1993ರಲ್ಲಿ ನಮ್ಮ ರಾಜ್ಯದಲ್ಲಿ, ಊರವರೂ ಇಲಾಖೆಯೂ ಸೇರಿ ಕಾಡು ನೋಡಿಕೊಳ್ಳುವ ಗ್ರಾಮ ಅರಣ್ಯ ಸಮಿತಿಗಳನ್ನು ಮಾಡಲು ಆದೇಶ ಬಂತು. ಒಳ್ಳೆಯ ಆದೇಶ. ಆದರೆ ಎಷ್ಟೋ ಕಡೆ ಸಮಿತಿ ಅಂದರೆ ನೆಡುತೋಪು ಕಟಾವಿಗೆ ಬಂದಾಗ ಸಹಿ ಹಾಕುವ ಪುಸ್ತಕ ಅಷ್ಟೇ ಆಗಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕು ಸಮುದಾಯಕ್ಕಿದೆ ಅನ್ನುತ್ತದೆ. ಅದರಲ್ಲಿ ಸಮುದಾಯ ಹಕ್ಕುಗಳ ಸಾಲಿನಲ್ಲಿ ಮೇಯಿಸುವುದರ ಜೊತೆಗೆ ಮೀನನ್ನೂ ನೀರಿನ ಬೇರೆ ಉತ್ಪನ್ನಗಳನ್ನೂ ಹೆಸರಿಸಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿ ನಾಯಕ ಸಮುದಾಯದ ಹಟ್ಟಿಗಳು ಎಷ್ಟಿವೆ! ಅರ್ಜಿ ಹೇಗೆ ಹಾಕುವುದು ಅಂತ ತಿಳಿದುಕೊಂಡು ಹೇಳಿಕೊಡುವ ಕೆಲಸ ಇಲ್ಲಿರುವ ವಿದ್ಯಾರ್ಥಿಗಳು ಮಾಡಬಹುದು.

ಇನ್ನು ಸಭಿಕರ ಪ್ರಶ್ನೆಗಳು.

ಒಬ್ಬ ಹಿರಿಯರು ಕೇಳಿದರು: “ಬೇಸಿಗೆ ಬಂತೆಂದರೆ ಜೋಗಿಮಟ್ಟಿ ಕಾಡಿನ ಕಡೆ ಬೆಂಕಿ. ಕುರಿಯವರು ಹಚ್ಚುತ್ತಾರೆ ಅಂತ ನಮ್ಮ ಮೇಲೇ ಹೇಳುತ್ತಾರೆ. ಏನು ಮಾಡೋಣ ಸ್ವಾಮಿ?”

ಹೊಸ ಹುಲ್ಲು ಬರಲಿ ಅಂತ ಹಚ್ಚುವವರು ಇದ್ದಾರೆ, ಬೀಡಿ ಎಸೆದು ಹೋಗುವವರೂ ಇದ್ದಾರೆ. ಯಾರು ಅಂತ ಜಗಳ ಆಡಿದರೆ ಬೆಂಕಿ ಆರುವುದಿಲ್ಲ. ಬೆಂಕಿ ದೊಡ್ಡದಾಗುವುದು ಒಣ ಹುಲ್ಲು ಕೊಯ್ಯದೆ ಹಾಗೇ ಉಳಿದ ಕಡೆ. ಸಂಕ್ರಾಂತಿಯ ಹೊತ್ತಿಗೇ ಸಮಿತಿಯವರು ಹುಲ್ಲು ಕೊಯ್ದುಕೊಳ್ಳಲು ಅನುಮತಿ ಪಡೆದು ಜಾಗ ಹಂಚಿಕೊಂಡರೆ ಮೇವೂ ಸಿಗುತ್ತದೆ, ಬೆಂಕಿಗೆ ಆಹಾರವೂ ಕಡಿಮೆಯಾಗುತ್ತದೆ. ಬೆಂಕಿ ರೇಖೆ ಎಲ್ಲಿ ಎಳೆಯಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅನ್ನುವುದು ಕುರಿಗಾಹಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಸಿಗೆಯ ವಾಚರ್ ಕೆಲಸವನ್ನು ಅವರ ಹಟ್ಟಿಯ ಹುಡುಗರಿಗೇ ಕೊಡಿ ಅಂತ ಇಲಾಖೆಯವರಿಗೆ ನಾನು ಕೇಳಿಕೊಳ್ಳುತ್ತೇನೆ.

ಒಬ್ಬ ವಿದ್ಯಾರ್ಥಿನಿ ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಕೇಳಿದಳು. ಅದರ ಸಾಕಣೆಗೆ 2000ದಿಂದಲೇ ನಿಷೇಧ ಇದೆ. ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಗಾಳಿ ಉಸಿರಾಡುತ್ತದೆ, ಕೊಳೆ ನೀರಿನಲ್ಲೂ ಬದುಕುತ್ತದೆ. ಹೊಂಡ ತುಂಬಿ ಹರಿದರೆ ಕೆರೆಗೆ ಸೇರಿಬಿಡುತ್ತದೆ, ಆಮೇಲೆ ತೆಗೆಯಲಾಗುವುದಿಲ್ಲ. 1952ರಲ್ಲಿ ಹೊರದೇಶದಿಂದ ತಂದ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಇವತ್ತು ಎಲ್ಲಾ ಕೆರೆಯಲ್ಲೂ ಇದೆ. ಹಾಗಾಗಿ ಊರಲ್ಲಿ ಯಾರಾದರೂ ಹೊಂಡದಲ್ಲಿ ಕ್ಯಾಟ್‌ಫಿಶ್ ಸಾಕುತ್ತಿದ್ದರೆ ಸುಮ್ನೆ ಇರಬೇಡಿ, ಪಂಚಾಯ್ತಿಯಲ್ಲಿ ಹೇಳಿ.

ಕೊನೆಯ ಪ್ರಶ್ನೆ ಚನ್ನಗಿರಿ ಕಡೆಯ ಮೀನುಗಾರರೊಬ್ಬರದ್ದು. “ಬೇಸಿಗೆಯಲ್ಲಿ ರೈತರು ಪಂಪ್‌ಸೆಟ್ ಇಟ್ಟು ತಳದ ನೀರೂ ಎಳೆಯುತ್ತಾರೆ. ಅವರೂ ನಮ್ಮೂರವರೇ. ಜಗಳ ಮಾಡೋಕೆ ಆಗಲ್ಲ, ಬಿಡೋಕೂ ಆಗಲ್ಲ.”

ಇದಕ್ಕೆ ಜಗಳದಿಂದ ಪರಿಹಾರ ಇಲ್ಲ ಅನ್ನುವುದು ನಿಮ್ಮ ಮಾತಿನಲ್ಲೇ ಇದೆ. ಎರಡು ಕೆಲಸ ಮಾಡಬಹುದು. ಮೊದಲನೆಯದು, ಮುಂದಿನ ಸಲ ಹೂಳೆತ್ತುವಾಗ ಕೆರೆಯನ್ನೆಲ್ಲ ಒಂದೇ ಸಮ ಕೆರೆಯುವ ಬದಲು, ಏರಿಗೂ ತೂಬಿಗೂ ದೂರ ಇರುವ ಒಂದು ಕಡೆ ಆಳವಾಗಿ ತೆಗೆಸಿ ಮಡು ಮಾಡಿ. ಮಣ್ಣು ಹೇಗೂ ರೈತರು ಹೊಲಕ್ಕೆ ಒಯ್ಯುತ್ತಾರೆ. ಖರ್ಚು ಹೆಚ್ಚಾಗುವುದಿಲ್ಲ. ಎರಡನೆಯದು, ಕೆರೆಯಲ್ಲಿ ಎಷ್ಟು ನೀರು ಉಳಿದಿದೆ ಅಂತ ಗೊತ್ತಾಗುವ ಫೆಬ್ರುವರಿ ತಿಂಗಳಲ್ಲಿ ನೀರುಗಂಟಿ, ಅಚ್ಚುಕಟ್ಟಿನ ರೈತರು, ಮೀನುಗಾರರ ಸಂಘ, ಅರಣ್ಯ ಸಮಿತಿ ಒಂದೇ ದಿನ ಕೂತು ತೂಬಿನ ಕಲ್ಲಿನ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಯ ಕೆಳಗೆ ಯಾರ ಪಂಪೂ ಇಳಿಯಬಾರದು. ಆ ನೀರು ಬಿಟ್ಟುಕೊಟ್ಟ ರೈತರಿಗೆ ಸಂಘದಿಂದ ಏನು ಕೊಡುತ್ತೀರಿ ಅನ್ನುವುದನ್ನೂ ಅವತ್ತೇ ಮಾತಾಡಿ. ಯುಗಾದಿಯ ಹೊತ್ತಿಗೆ ಮೀನಿನಲ್ಲಿ ಒಂದು ಪಾಲು ಆಗಬಹುದು, ಕಾಲುವೆ ರಿಪೇರಿಗೆ ಒಂದಷ್ಟು ದುಡ್ಡು ಆಗಬಹುದು. ಎಷ್ಟು ಅಂತ ನಾನು ಹೇಳುವುದು ಸರಿಯಲ್ಲ, ನಿಮ್ಮ ಕೆರೆ ನಿಮಗೆ ಗೊತ್ತು. ನಿಶ್ಚಯವಾದದ್ದನ್ನು ಬರೆದು, ಎಲ್ಲರ ಸಹಿ ಹಾಕಿಸಿ, ಒಂದು ಪ್ರತಿ ಪಂಚಾಯ್ತಿಯಲ್ಲಿ ಇಡಿ. ಗುತ್ತಿಗೆ ಮುಂದೆ ಯಾರಿಗೇ ಹೋದರೂ ಆ ಕಾಗದವನ್ನು ಅದರ ಷರತ್ತಾಗಿ ಸೇರಿಸಿ ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ.